9.9 ಎಂಜಿನ್‌ಗೆ 15ರ ಕಾರ್ಬೊರೇಟರ್ ಹಾಕಿಸಲೇ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ. 28 ಅಡಿಯ ಫೈಬರ್ ನಾಡದೋಣಿ ಉಂಟು. ಅದಕ್ಕೆ 9.9 ಅಶ್ವಶಕ್ತಿಯ ಟು-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಸೀಮೆಎಣ್ಣೆಯದ್ದು. ತೆಗೆದುಕೊಂಡು 11 ವರ್ಷ ಆಯಿತು. ಮೊದಲು ನಾಲ್ಕು ಜನ ಕೂತು ಬಲೆ ಹಾಕಿಕೊಂಡರೂ ಆರಾಮವಾಗಿ ಎಳೆಯುತ್ತಿತ್ತು. ಈಗ ವಾಪಸ್ ಬರುವಾಗ ಅಳಿವೆಯಲ್ಲಿ ಇಳಿತದ ನೀರು ಎದುರಾದರೆ ದೋಣಿ ಮುಂದಕ್ಕೇ ಹೋಗುವುದಿಲ್ಲ. ಒಬ್ಬ ಮೆಕ್ಯಾನಿಕ್ 15 ಅಶ್ವಶಕ್ತಿ ಎಂಜಿನ್ನಿನ ಕಾರ್ಬೊರೇಟರ್ (ಗಾಳಿ-ಎಣ್ಣೆ ಬೆರೆಸುವ ಭಾಗ) ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ತುರಿಸಿ ಅನ್ನುತ್ತಾರೆ. ಸೀಮೆಎಣ್ಣೆ ಬಿಟ್ಟು ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಹೇಗೆ ಅಂತಲೂ ಯೋಚನೆ ಇದೆ. ಕೈಯಲ್ಲಿರುವುದು 15,000 ರೂಪಾಯಿ. ಯಾವುದು ಮಾಡಿಸಲಿ?

ಉತ್ತರ: ಮೊದಲು ಕಾರ್ಬೊರೇಟರ್ ವಿಷಯ ಮುಗಿಸಿಬಿಡೋಣ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಎಷ್ಟೋ ಕಂಪನಿಗಳು ಒಂದೇ ಬ್ಲಾಕಿನಲ್ಲಿ ಎರಡು ಶಕ್ತಿಯ ಎಂಜಿನ್ ಮಾಡುತ್ತವೆ. ಯಮಹಾದ ಟು-ಸ್ಟ್ರೋಕ್ 9.9 ಮತ್ತು 15 ಎರಡೂ 246 ಸಿಸಿಯವು. ಸಿಲಿಂಡರ್ ಅದೇ, ಪಿಸ್ಟನ್ ಅದೇ. ಮುಖ್ಯ ವ್ಯತ್ಯಾಸ ಗಾಳಿ-ಎಣ್ಣೆ ಒಳಗೆ ಹೋಗುವ ದಾರಿಯಲ್ಲಿ. ಹಾಗಾಗಿ ದೊಡ್ಡ ಕಾರ್ಬೊರೇಟರ್ ಕೂರಿಸಿದರೆ ಶಕ್ತಿ ಏರುತ್ತದೆ.

ಆದರೂ ನಾನು ಬೇಡ ಅನ್ನುತ್ತೇನೆ. ಕಾರಣ ಎಂಜಿನ್ನಿನಲ್ಲಿ ಇಲ್ಲ, ಕಾನೂನಿನಲ್ಲಿದೆ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ಮೋಟಾರು ದೋಣಿಗಳಿಗೂ ಅದು ಅನ್ವಯ. ನೀವು 9.9ರಲ್ಲಿ ಇರುವುದರಿಂದಲೇ ಮಳೆಗಾಲದಲ್ಲಿ ಕಡಲಿಗೆ ಇಳಿಯಲು ದಾರಿ ಉಳಿದಿರುವುದು. ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುವಾಗ, ಸಿಗಡಿಗೆ ಒಳ್ಳೆಯ ರೇಟ್ ಇರುವಾಗ ನಿಮ್ಮ ದೋಣಿ ಓಡುತ್ತದೆ ಅಲ್ವಾ? ಆ ಎರಡು ತಿಂಗಳ ದುಡಿಮೆಯನ್ನು ಒಂದು ಕಾರ್ಬೊರೇಟರಿಗಾಗಿ ಅಪಾಯಕ್ಕೆ ಒಡ್ಡುವುದೇ? ಮುಚ್ಚಳದ ಮೇಲೆ 9.9 ಅಂತ ಸ್ಟಿಕ್ಕರ್ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಅಪಘಾತ ಆದ ದಿನ, ವಿಮೆಯವರು ಬಂದು ಎಂಜಿನ್ ಬಿಚ್ಚಿದ ದಿನ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಿಮ್ಮ ದೋಣಿ ಮೊದಲು ಇದೇ 9.9ರಲ್ಲಿ ಚೆನ್ನಾಗಿ ಎಳೆಯುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಅಂದರೆ ನಿಮಗೆ ಬೇಕಿರುವುದು ಹೊಸ ಶಕ್ತಿ ಅಲ್ಲ. 11 ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಸೋರಿಹೋದ ಹಳೆಯ ಶಕ್ತಿ. ಅದು ಎಲ್ಲಿ ಸೋರಿತು ಅಂತ ಹುಡುಕುವುದಕ್ಕೆ ಖರ್ಚು ಕಡಿಮೆ.

ಹೆಡ್ ತುರಿಸುವ ಸಲಹೆ ಮಾತ್ರ ನೇರವಾಗಿ ಅಪಾಯದ್ದು. ತುರಿಸಿದರೆ ಸಿಲಿಂಡರ್ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಸೀಮೆಎಣ್ಣೆಯ ಆಕ್ಟೇನ್, ಅಂದರೆ ಸಿಡಿಯದೆ ಒತ್ತಡ ತಾಳುವ ಗುಣ, ಪೆಟ್ರೋಲಿಗಿಂತ ತುಂಬಾ ಕಡಿಮೆ. ಒತ್ತಡ ಜಾಸ್ತಿಯಾದರೆ ಕಿಡಿ ಬರುವ ಮೊದಲೇ, ಅಥವಾ ಕಿಡಿ ಬಂದ ಮೇಲೆ ಒಮ್ಮೆಗೇ, ಸಿಡಿದು ಉರಿಯುತ್ತದೆ. ಕಬ್ಬಿಣದ ಡಬ್ಬದೊಳಗೆ ಜಲ್ಲಿ ಅಲುಗಾಡಿಸಿದ ಹಾಗೆ ಸದ್ದು ಬರುತ್ತದೆಯಲ್ಲ, ಅದೇ ನಾಕಿಂಗ್. ಅದಕ್ಕಾಗಿಯೇ ಸೀಮೆಎಣ್ಣೆ ಮಾದರಿಗಳಲ್ಲಿ ಕಂಪನಿಯವರು ಬೇಕೆಂದೇ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇಳಿಸಿರುತ್ತಾರೆ. ಹೆಡ್ ತುರಿಸಿದರೆ ಅವರು ಇಳಿಸಿದ್ದನ್ನು ನೀವು ಏರಿಸಿದಿರಿ. ಒಂದೆರಡು ವಾರ ಜೋರಾಗಿ ಓಡಬಹುದು. ಆಮೇಲೆ ಪಿಸ್ಟನ್ ತಲೆಯಲ್ಲಿ ತೂತು. ಪೆಟ್ರೋಲ್ ಮಾದರಿಯ ಎಂಜಿನ್ನಿಗೆ ಸೀಮೆಎಣ್ಣೆ ಸುರಿದು ಓಡಿಸುವವರ ಕತೆಯೂ ಹೆಚ್ಚು ಕಡಿಮೆ ಇದೇ. ನಿಮ್ಮದು ಕಂಪನಿಯೇ ಮಾಡಿದ ಸೀಮೆಎಣ್ಣೆ ಮಾದರಿಯೋ, ಅಥವಾ ಯಾರೋ ಮಾರ್ಪಾಡು ಮಾಡಿದ್ದೋ, ಒಮ್ಮೆ ಎಂಜಿನ್ ಮೇಲಿನ ಮಾದರಿ ಪ್ಲೇಟ್ ನೋಡಿ ಖಚಿತ ಮಾಡಿಕೊಳ್ಳಿ.

ಈಗ ಹುಡುಕಾಟ. ಒಂದು ಪೈಸೆ ಖರ್ಚಿಲ್ಲದೆ ನೋಡಬಹುದಾದ್ದು ಥ್ರಾಟಲ್, ಅಂದರೆ ಹಿಡಿ ತಿರುಗಿಸಿ ವೇಗ ಏರಿಸುವ ವ್ಯವಸ್ಥೆ. ಎಂಜಿನ್ ಆಫ್ ಇರಲಿ, ಪ್ಲಗ್ ವಯರ್ ತೆಗೆದಿರಲಿ. ಮುಚ್ಚಳ ತೆಗೆದು, ದೋಣಿ ಮುಂದಕ್ಕೆ ಹೋಗುವ ಗೇರಿಗೆ ಹಾಕಿ, ಹಿಡಿಯನ್ನು ಪೂರ್ತಿ ತಿರುಗಿಸಿ. ನ್ಯೂಟ್ರಲ್‌ನಲ್ಲಿ ಹಲವು ಎಂಜಿನ್‌ಗಳಲ್ಲಿ ಥ್ರಾಟಲ್ ಪೂರ್ತಿ ತಿರುಗುವುದಿಲ್ಲ, ಅದಕ್ಕೆ ಗೇರಿಗೆ ಹಾಕಿ ಅಂದೆ. ಕಾರ್ಬೊರೇಟರಿನ ಬಟರ್‌ಫ್ಲೈ (ಗಾಳಿಗೆ ಬಾಗಿಲಿನಂತಿರುವ ಚಿಕ್ಕ ತಟ್ಟೆ) ಪೂರ್ತಿ ತೆರೆದು, ಗಾಳಿಯ ದಾರಿಗೆ ನೇರವಾಗಿ ನಿಲ್ಲಬೇಕು. ಹಳೆಯ ಎಂಜಿನ್‌ಗಳಲ್ಲಿ ಕೇಬಲ್ ಎಳೆದುಹೋಗಿ, ಪ್ಲಾಸ್ಟಿಕ್ ತುಂಡು ಸವೆದು, ಅದು ಮುಕ್ಕಾಲಿಗೇ ನಿಂತುಬಿಡುತ್ತದೆ. ಹಿಡಿ ಪೂರ್ತಿ ತಿರುಗಿದ ಹಾಗೆ ಕೈಗೆ ಅನಿಸುತ್ತದೆ, ಒಳಗೆ ಬಾಗಿಲು ಪೂರ್ತಿ ತೆರೆದಿರುವುದಿಲ್ಲ. ಬಹಳ ಎಂಜಿನ್‌ಗಳಲ್ಲಿ ಕಿಡಿಯ ಟೈಮಿಂಗ್ ಮುಂದಕ್ಕೆ ಹೋಗುವುದೂ ಇದೇ ಕೊಂಡಿಯಿಂದ. ಹಾಗಾಗಿ ನಷ್ಟ ಎರಡು ಕಡೆ. ಸರಿಮಾಡಲು ಬೇಕಾಗುವುದು ಒಂದು ಸ್ಪ್ಯಾನರ್, ಸ್ವಲ್ಪ ಗ್ರೀಸ್.

ಎರಡನೆಯದು ಎಣ್ಣೆ ಪೂರೈಕೆ. ಹೊಳೆಯಲ್ಲಿ ನೀರು ಶಾಂತ ಇರುವಾಗ ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿ. ಇನ್ನೊಬ್ಬರು ಪೈಪಿನ ಮಧ್ಯೆ ಇರುವ ರಬ್ಬರ್ ಬಲ್ಬನ್ನು ಒತ್ತುತ್ತಾ ಇರಲಿ. ಒತ್ತಿದ ಕೂಡಲೇ ಎಂಜಿನ್ ಸದ್ದು ಏರಿದರೆ ಅದಕ್ಕೆ ಎಣ್ಣೆ ಸಾಕಾಗುತ್ತಿಲ್ಲ ಅಂತ ಅರ್ಥ. ಆಗ ಎಂಜಿನ್ ಬಿಚ್ಚುವ ಮೊದಲು ಹೊರಗಿನದನ್ನು ನೋಡಿ: ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ, ಪೈಪಿನ ಕನೆಕ್ಟರ್‌ನಲ್ಲಿ ಓ-ರಿಂಗ್ ಉಂಟಾ, ಫಿಲ್ಟರ್ ಕಟ್ಟಿದೆಯಾ, ಪೈಪು ಒಳಗಿನಿಂದ ಸುಲಿದಿದೆಯಾ. ಓಡುವಾಗ ಬಲ್ಬ್ ಒಳಗೆ ಎಳೆದುಕೊಂಡು ಚಪ್ಪಟೆಯಾದರೆ ತಡೆ ಟ್ಯಾಂಕಿನ ಕಡೆ. ಬಲ್ಬ್ ಮೆತ್ತಗೆ ಇದ್ದು ಎಷ್ಟು ಒತ್ತಿದರೂ ಬಿಗಿ ಆಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಅದರ ವಾಲ್ವ್ ಹೋಗಿದೆ. ಬಲ್ಬ್, ಪೈಪು, ಕ್ಲಿಪ್ ಎಲ್ಲ ಹೊಸತು ಹಾಕಿದರೂ ನಿಮ್ಮ ಬಜೆಟ್‌ಗೆ ಪೆಟ್ಟು ಬೀಳುವುದಿಲ್ಲ.

ಇದಾದ ಮೇಲೆ ಕಂಪ್ರೆಷನ್. ಅದನ್ನು ಅಳೆಯುವ ಗೇಜ್ ಇಲ್ಲದ ಮೆಕ್ಯಾನಿಕ್ ಹತ್ತಿರ ಎಂಜಿನ್ ಕೊಡಬೇಡಿ. ಹಗ್ಗ ಎಳೆದು ನೋಡಿ “ಕಂಪ್ರೆಷನ್ ಉಂಟು ಮಾರಾಯ್ರೆ” ಅನ್ನುವುದು ಪರೀಕ್ಷೆ ಅಲ್ಲ. ಎಂಜಿನ್ ಸ್ವಲ್ಪ ಬಿಸಿ ಇರುವಾಗ ಎರಡೂ ಪ್ಲಗ್ ಬಿಚ್ಚಬೇಕು. ಪ್ಲಗ್ ವಯರ್‌ಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಇಡಬೇಕು. ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಎರಡೂ ಸಿಲಿಂಡರ್ ಹತ್ತಿರ ಹತ್ತಿರ ಇದೆಯಾ ಅನ್ನುವುದು ಮುಖ್ಯ. ಸೀಮೆಎಣ್ಣೆ ಮಾದರಿಯಲ್ಲಿ ಸಂಖ್ಯೆ ಹೇಗೂ ಕಡಿಮೆ ಇರುತ್ತದೆ, ಪೆಟ್ರೋಲ್ ಎಂಜಿನ್ನಿನ ಜೊತೆ ಹೋಲಿಸಿ ಹೆದರಬೇಡಿ. ಎರಡರ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರ ಕಂಡರೆ ಯೋಚಿಸಬೇಕು.

ಅಂತರ ಕಂಡ ತಕ್ಷಣ ಬೋರ್ ಮಾಡಿಸಲು (ಸಿಲಿಂಡರ್ ಒಳಗೆ ಕೊರೆಸಲು) ಓಡಬೇಡಿ. ಸೀಮೆಎಣ್ಣೆ ಎಂಜಿನ್ನಿನ ದೊಡ್ಡ ಶತ್ರು ಇಂಗಾಲದ ಮಸಿ. ಸೀಮೆಎಣ್ಣೆ ಪೆಟ್ರೋಲಿನಷ್ಟು ಬೇಗ ಆವಿಯಾಗುವುದಿಲ್ಲ, ಅರ್ಧಂಬರ್ಧ ಉರಿದು ಮಸಿ ಕಟ್ಟುತ್ತದೆ. ಮಸಿ ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡಿನಲ್ಲಿ ತುಂಬಿದರೆ ರಿಂಗುಗಳು ಅಂಟಿಕೊಳ್ಳುತ್ತವೆ. ಅಂಟಿದ ರಿಂಗು ಸಿಲಿಂಡರ್ ಗೋಡೆಗೆ ಒತ್ತಿ ನಿಲ್ಲುವುದಿಲ್ಲ, ಒತ್ತಡ ಸೋರುತ್ತದೆ. ಹೊಗೆ ಹೋಗುವ ಪೋರ್ಟ್ ಕೂಡ ಮಸಿಯಿಂದ ಕಿರಿದಾಗುತ್ತದೆ. ಒಳಗಿನ ಹೊಗೆ ಪೂರ್ತಿ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಜಾಗ ಎಲ್ಲಿ? 11 ವರ್ಷ ಸೀಮೆಎಣ್ಣೆ ಕುಡಿದ ಎಂಜಿನ್ ಅಂದ ಕೂಡಲೇ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಇದಕ್ಕೆ ಮದ್ದು ಅಗ್ಗ. ಡಿಕಾರ್ಬನೈಸಿಂಗ್, ಅಂದರೆ ಮಸಿ ಬಿಡಿಸುವ, ಸ್ಪ್ರೇ ಅಥವಾ ದ್ರವ ಸಿಗುತ್ತದೆ. ಬಿಸಿ ಎಂಜಿನ್ನಿನ ಪ್ಲಗ್ ತೂತಿನಿಂದ ಹಾಕಿ, ಹಗ್ಗದಿಂದ ಒಂದೆರಡು ಸುತ್ತು ತಿರುಗಿಸಿ, ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಪ್ಲಗ್ ಇಲ್ಲದೆಯೇ ಹಗ್ಗ ಎಳೆದು ಒಳಗೆ ಉಳಿದ ದ್ರವವನ್ನು ಹೊರಗೆ ಹಾಕಿ, ಆಮೇಲೆ ಹಳೆಯ ಪ್ಲಗ್ ಹಾಕಿ ಓಡಿಸಿ. ಕಪ್ಪು ಹೊಗೆ, ಮಸಿ ನೀರು ಎಲ್ಲ ಬರುತ್ತದೆ, ಮನೆಯ ಅಂಗಳದಲ್ಲಿ ಮಾಡಿದರೆ ಬೈಗುಳ ಖಂಡಿತ. ಎರಡು ಸಲ ಹೀಗೆ ಮಾಡಿ ಮತ್ತೆ ಗೇಜ್ ಇಡಿ. ಬಿದ್ದಿದ್ದ ಸಿಲಿಂಡರ್ ಮೇಲೆದ್ದರೆ ರಿಂಗು ಬಿಟ್ಟುಕೊಂಡಿದೆ. ಏಳದಿದ್ದರೆ ಹೆಡ್ ತೆಗೆಸಿ ಕಣ್ಣಾರೆ ನೋಡಬೇಕು. ಹೆಡ್ ತೆಗೆದಾಗ ಗ್ಯಾಸ್ಕೆಟ್ ಹೊಸತೇ ಹಾಕಿಸಿ. ಹಳೆಯದನ್ನು ಪೇಸ್ಟ್ ಹಚ್ಚಿ ಮತ್ತೆ ಕೂರಿಸುವ ಜಿಪುಣತನ ಬೇಡ.

ಪ್ಲಗ್ ವಿಷಯ ಜಾಸ್ತಿ ಹೇಳುವುದಿಲ್ಲ. ತುದಿ ಕಂದು ಬಣ್ಣ ಇದ್ದರೆ ಸರಿ, ಒದ್ದೆಯಾಗಿ ಕಪ್ಪಾಗಿದ್ದರೆ ಉರಿ ಸಾಲುತ್ತಿಲ್ಲ, ಬೆಳ್ಳಗೆ ಗುಳ್ಳೆ ಎದ್ದಿದ್ದರೆ ತಕ್ಷಣ ಓಡಿಸುವುದು ನಿಲ್ಲಿಸಿ. ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ನಂಬರಿನದ್ದೇ ಹಾಕಿ.

ಆಯಿಲ್ ಬಗ್ಗೆ ಹೇಳಲೇಬೇಕು. 50 ಪಾಲು ಎಣ್ಣೆಗೆ 1 ಪಾಲು ಆಯಿಲ್ ಅಂದರೆ ಲೀಟರಿಗೆ 20 ಮಿಲಿ. ನಿಮ್ಮ ಮಾದರಿಯ ಪುಸ್ತಕ ಬೇರೆ ಪ್ರಮಾಣ ಹೇಳಿದರೆ ಅದೇ ಸರಿ. “ಹಳೇ ಎಂಜಿನ್, ಸ್ವಲ್ಪ ಜಾಸ್ತಿ ಇರಲಿ” ಅಂತ ಅಂದಾಜಿಗೆ ಸುರಿದರೆ ಶಕ್ತಿ ಬರುವುದಿಲ್ಲ, ಮಸಿ ಬರುತ್ತದೆ. ಬೈಕಿನ 2ಟಿ ಆಯಿಲ್ ಅಗ್ಗ ಅಂತ ಹಾಕುವವರೂ ಇದ್ದಾರೆ. ಅದು ಗಾಳಿಯಿಂದ ತಣಿಯುವ ಬಿಸಿ ಎಂಜಿನ್ನಿಗೆ ಮಾಡಿದ್ದು, ಉರಿದಾಗ ಬೂದಿ ಬಿಡುತ್ತದೆ. ನೀರಿನಿಂದ ತಣಿಯುವ ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಅಂತ ಡಬ್ಬದ ಮೇಲೆ ಬರೆದಿರುವ ಬೂದಿ ಇಲ್ಲದ ಆಯಿಲ್ ಬೇಕು.

ಥರ್ಮೋಸ್ಟಾಟ್ (ತಣಿಸುವ ನೀರನ್ನು ತಡೆದು ಎಂಜಿನ್ನಿನ ಬಿಸಿ ಕಾಯುವ ವಾಲ್ವ್) ಕಿತ್ತು ಬಿಸಾಡುವ ಅಭ್ಯಾಸ ನಮ್ಮಲ್ಲಿ ಉಂಟು. ಉಪ್ಪು ಕಟ್ಟಿ ಅದು ಸಿಕ್ಕಿಕೊಳ್ಳುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಮೆಕ್ಯಾನಿಕ್ ಕಿತ್ತು ಹಾಕುತ್ತಾರೆ, ಸಮಸ್ಯೆ ಮುಗಿಯಿತು. ಆದರೆ ಸೀಮೆಎಣ್ಣೆ ಸರಿಯಾಗಿ ಆವಿಯಾಗಿ ಉರಿಯಲು ಎಂಜಿನ್ ಬಿಸಿ ಇರಲೇಬೇಕು. ಸದಾ ತಣ್ಣಗೆ ಓಡುವ ಎಂಜಿನ್ನಿನಲ್ಲಿ ಮಸಿ ಇನ್ನೂ ಬೇಗ ಕಟ್ಟುತ್ತದೆ. ನಿಮ್ಮದರಲ್ಲಿ ಅದು ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಹೊಸತು ಹಾಕಿಸಿ, ಜೊತೆಗೆ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ, ಇಂಪೆಲ್ಲರ್ ಕೂಡ. ಅಳಿವೆಯ ಮರಳು ನೀರಿನಲ್ಲಿ ಓಡುವ ಎಂಜಿನ್ನಿಗೆ ವರ್ಷಕ್ಕೊಮ್ಮೆ ಇಂಪೆಲ್ಲರ್ ಬದಲಿಸುವುದು ದುಂದು ಅಲ್ಲ.

ಎಂಜಿನ್ ಸರಿಯಾಯಿತು ಅಂದುಕೊಳ್ಳಿ. ಈಗ ಫ್ಯಾನ್, ಅಂದರೆ ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಪ್ರೊಪೆಲ್ಲರ್. ನನ್ನ ಲೆಕ್ಕದಲ್ಲಿ ನಿಮ್ಮ ಉಳಿದ ಹಣ ಇಲ್ಲಿಗೇ ಹೋಗಬೇಕು.

ಫ್ಯಾನಿನ ಮೇಲೆ ಎರಡು ಸಂಖ್ಯೆ ಕೊರೆದಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ 10 ಅಂದರೆ ಒಂದು ಸುತ್ತಿಗೆ, ಜಾರದಿದ್ದರೆ, 10 ಇಂಚು ಮುಂದೆ ಹೋಗುವ ತಿರುವು. ಎಂಜಿನ್ ಜೊತೆ ಬರುವ ಫ್ಯಾನ್ ಸಾಮಾನ್ಯವಾಗಿ ಹಗುರ ದೋಣಿಯ ಲೆಕ್ಕದ್ದು. ನಾಲ್ಕು ಜನ, ಒದ್ದೆ ಬಲೆ, ಐಸ್, ಮೀನು ಹೇರಿದ 28 ಅಡಿ ದೋಣಿಗೆ ಆ ಪಿಚ್ ಹಾಕುವುದೆಂದರೆ ಲೋಡ್ ಲಾರಿಯನ್ನು ಆಗುಂಬೆ ಘಾಟಿಯಲ್ಲಿ ನಾಲ್ಕನೇ ಗೇರಿನಲ್ಲಿ ಹತ್ತಿಸಿದ ಹಾಗೆ. ಎಂಜಿನ್ ತನ್ನ ಪೂರ್ತಿ ಸುತ್ತಿಗೆ ಏರುವುದೇ ಇಲ್ಲ. 9.9 ಅಶ್ವಶಕ್ತಿ ಅಂತ ಬರೆದಿರುವುದು ಆ ಪೂರ್ತಿ ಸುತ್ತಿನಲ್ಲಿ ಮಾತ್ರ ಸಿಗುವುದು.

ಇದನ್ನು ಅಂದಾಜಿನಲ್ಲಿ ಹೇಳಬಾರದು, ಅಳೆಯಬೇಕು. ಪ್ಲಗ್ ವಯರಿಗೆ ಸುತ್ತುವ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಚಿಕ್ಕ ಟ್ಯಾಕೋಮೀಟರ್ ಸಿಗುತ್ತದೆ, ದುಬಾರಿ ಅಲ್ಲ. ಅದರಲ್ಲಿ ನಿಮ್ಮ ಎಂಜಿನ್ನಿಗೆ ತಕ್ಕ ಸೆಟ್ಟಿಂಗ್ ಇಡಿ. ಐಡಲ್‌ನಲ್ಲಿ ಎರಡು ಸಾವಿರದ ಹತ್ತಿರ ತೋರಿಸಿದರೆ ಸೆಟ್ಟಿಂಗ್ ತಪ್ಪಿದೆ, ಒಂದು ಸುತ್ತನ್ನು ಎರಡೆಂದು ಎಣಿಸುತ್ತಿದೆ. ಆಮೇಲೆ ದಿನದ ಪೂರ್ತಿ ಭಾರದ ಜೊತೆ, ನೀರು ನಿಂತಿರುವ ಹೊತ್ತಿನಲ್ಲಿ, ಪೂರ್ತಿ ಥ್ರಾಟಲ್ ಕೊಟ್ಟು ಓದಿ. ಯಮಹಾದ ಈ ಗಾತ್ರದ ಟು-ಸ್ಟ್ರೋಕ್‌ಗೆ ಪೂರ್ತಿ ಥ್ರಾಟಲ್‌ನಲ್ಲಿ 4,500ರಿಂದ 5,500 ಸುತ್ತು ಇರಬೇಕು. ಬೇರೆ ಕಂಪನಿಯದ್ದಾದರೆ ಅದರ ಪುಸ್ತಕ ನೋಡಿ. ನಿಮಗೆ 4,200 ಬಂತು ಅಂತಿಟ್ಟುಕೊಳ್ಳಿ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಎರಡು ಇಂಚು ಕಡಿಮೆ ಪಿಚ್‌ನ ಫ್ಯಾನ್ ಹಾಕಿದರೆ ಎಂಜಿನ್ ತನ್ನ ಜಾಗಕ್ಕೆ ಬರುತ್ತದೆ. ಖಾಲಿ ದೋಣಿಯಲ್ಲಿ ಓಡಿಸುವಾಗ ಮಾತ್ರ ಎಚ್ಚರ, ಸುತ್ತು ಮಿತಿ ದಾಟಬಹುದು, ಆಗ ಹಿಡಿ ಸ್ವಲ್ಪ ಇಳಿಸಿ.

ಹೊಸ ಫ್ಯಾನ್ ಕೊಳ್ಳುವ ಮೊದಲು ಈಗಿರುವುದು ಜಾರುತ್ತಿದೆಯಾ ನೋಡಿ. ಫ್ಯಾನಿನ ನಡುವೆ ರಬ್ಬರ್ ಬುಷ್ ಇರುತ್ತದೆ. ಹಳತಾದರೆ ಒಳಗಿನ ಕೊಳವೆ ತಿರುಗುತ್ತದೆ, ಎಲೆಗಳು ಹಿಂದೆ ಬೀಳುತ್ತವೆ. ಹಿಂಬದಿಯಲ್ಲಿ ಕೊಳವೆಯಿಂದ ಹೊರಗಿನ ಲೋಹದವರೆಗೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಒಂದು ಸಲ ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ಎರಡು ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಬುಷ್ ಹೋಗಿದೆ. ಎದುರು ನೀರಿನಲ್ಲಿ ಮಾತ್ರ ದೋಣಿ ನಿಲ್ಲುತ್ತದೆ ಅಂದಿರಲ್ಲ, ಅದಕ್ಕೆ ಇದೂ ಹೊಂದುತ್ತದೆ. ಇದೇ ಹೊತ್ತಿನಲ್ಲಿ ಫ್ಯಾನ್ ಹಿಂದೆ ಬಲೆಯ ನೂಲು ಸುತ್ತಿದೆಯಾ ಅಂತಲೂ ನೋಡಿ. ನೂಲು ಸೀಲನ್ನು ಕೊಯ್ದರೆ ಗೇರ್ ಆಯಿಲಿಗೆ ಉಪ್ಪುನೀರು ಸೇರಿ ಹಾಲಿನ ಬಣ್ಣ ಬರುತ್ತದೆ.

ಎಂಜಿನ್ ಕೂರಿಸಿದ ಎತ್ತರವನ್ನೂ ಗಮನಿಸಿ. ಫ್ಯಾನಿನ ಮೇಲೆ ಚಪ್ಪಟೆ ತಟ್ಟೆ ಇದೆಯಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದು ಇಂಚು ಕೆಳಗೆ ಇರಬೇಕು. ತುಂಬಾ ಕೆಳಗಿದ್ದರೆ ಸುಮ್ನೆ ನೀರನ್ನು ಎಳೆಯುತ್ತದೆ. ಮೇಲಿದ್ದರೆ ಅಲೆಯಲ್ಲಿ ಫ್ಯಾನ್ ಗಾಳಿ ಹಿಡಿದು ಕಿರುಚುತ್ತದೆ. ಮಳೆಗಾಲದ ಅಳಿವೆಗೆ ಹೋಗುವವರು ನೀವು, ಆ ಒಂದು ಇಂಚು ಕೆಳಗೇ ಇರಲಿ.

ಇನ್ನು ದೋಣಿ. 15ರ ಎಂಜಿನ್ ಹಾಕಿದರೂ ಭಾರ ಹೇರಿದ ನಾಡದೋಣಿಯ ವೇಗ ನೀವು ಅಂದುಕೊಂಡಷ್ಟು ಏರುವುದಿಲ್ಲ. ನೀರಿನ ಮೇಲೆ ಏಳದೆ, ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಒಂದು ಮಿತಿ ಉಂಟು. ನೀರಿಗೆ ತಾಗಿರುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲಕ್ಕೆ 1.34 ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. ನಿಮ್ಮ ದೋಣಿಯಲ್ಲಿ 25 ಅಡಿ ನೀರಿಗೆ ತಾಗುತ್ತದೆ ಅಂದರೆ 6.7 ನಾಟ್, ಗಂಟೆಗೆ 12 ಕಿ.ಮೀ. ಚಿಲ್ಲರೆ. ಅದರಾಚೆಗೆ ಹಾಕಿದ ಎಣ್ಣೆಯೆಲ್ಲ ದೊಡ್ಡ ಅಲೆ ಎಬ್ಬಿಸುವುದಕ್ಕೆ ಖರ್ಚಾಗುತ್ತದೆ. ಆ ಮಿತಿಯ ಹತ್ತಿರ ತಲುಪಲು ಆರೋಗ್ಯವಾಗಿರುವ 9.9 ಮತ್ತು ಸರಿಯಾದ ಫ್ಯಾನ್ ಸಾಕು, ನೀವೇ ಮೊದಲು ಓಡಿಸಿದ್ದೀರಿ.

ಹಾಗಾಗಿ ದೋಣಿ ಮಗುಚಿ ತಳ ನೋಡಿ. ಚಿಪ್ಪು, ಪಾಚಿ ಹಿಡಿದ ತಳ ವೇಗವನ್ನು ಚೆನ್ನಾಗಿಯೇ ತಿನ್ನುತ್ತದೆ. ಹೊಳೆಯಲ್ಲೇ ಕಟ್ಟಿಡುವ ದೋಣಿಯಾದರೆ ಇನ್ನೂ ಬೇಗ. ಫೈಬರಿನಲ್ಲಿ ಬಿರುಕು ಬಿದ್ದು ಒಳಗಿನ ಫೋಮ್ ನೀರು ಕುಡಿದಿರಬಹುದು. ನೂರು ಲೀಟರ್ ನೀರು ಅಂದರೆ ನೂರು ಕಿಲೋ, ದಿನಾ ಒಬ್ಬರನ್ನು ಮತ್ತು ಒಂದಷ್ಟು ಬಲೆಯನ್ನು ಪುಕ್ಕಟೆ ಹೊತ್ತು ತಿರುಗಿದಂತೆ. ಬಳಸದ ಹಳೆ ಹಗ್ಗ, ಮುರಿದ ಕ್ರೇಟು ಇದ್ದರೆ ಅದನ್ನೂ ಇಳಿಸಿ.

ಬರೀ ಪೆಟ್ರೋಲಿನ ಪ್ರಶ್ನೆಗೆ ಬರುತ್ತೇನೆ. ಕಂಪ್ರೆಷನ್ ಇಳಿಸಿದ ಸೀಮೆಎಣ್ಣೆ ಎಂಜಿನ್ನಿಗೆ ಬರೀ ಪೆಟ್ರೋಲ್ ಹಾಕಿದರೆ ಸ್ಟಾರ್ಟ್ ಸುಲಭ, ಮಸಿ ಕಡಿಮೆ. ಆದರೆ ಪೆಟ್ರೋಲಿನ ಪೂರ್ತಿ ಶಕ್ತಿ ತೆಗೆಯುವಷ್ಟು ಒತ್ತಡ ಆ ಎಂಜಿನ್ನಿನಲ್ಲಿ ಇಲ್ಲ, ಕಾರ್ಬೊರೇಟರ್ ಜೆಟ್ (ಎಣ್ಣೆ ಬಿಡುವ ಸಣ್ಣ ತೂತು) ಕೂಡ ಸೀಮೆಎಣ್ಣೆಯ ಲೆಕ್ಕದ್ದು. ಖರ್ಚಿಗೆ ತಕ್ಕ ಫಲ ಸಿಗುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು, ಎಣ್ಣೆ ಪಂಪಿನ ತೆಳು ಪರದೆಗಳನ್ನು ಹಾಳುಮಾಡುತ್ತದೆ. ಸ್ಟಾರ್ಟಿಗೆ ಇಡುವ ಸಣ್ಣ ಪೆಟ್ರೋಲ್ ಟ್ಯಾಂಕನ್ನೂ ವಾರಗಟ್ಟಲೆ ತುಂಬಿಸಿ ಇಡಬೇಡಿ. ಮತ್ತೆ, ಎಂಜಿನ್ ಆರಿಸುವ ಸ್ವಲ್ಪ ಮೊದಲು ಸೀಮೆಎಣ್ಣೆಯಿಂದ ಪೆಟ್ರೋಲಿಗೆ ಬದಲಿಸಿ ಓಡಿಸುವುದನ್ನು ಬಿಡಬೇಡಿ. ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಹಗ್ಗ ಎಳೆದು ಎಳೆದು ಕೈ ಸೋಲುತ್ತದೆ. ನಿಜವಾಗಿ ಪೆಟ್ರೋಲಿಗೆ ಹೋಗುವ ಮನಸ್ಸಿದ್ದರೆ ಎಂಜಿನ್ನನ್ನೇ ಬದಲಿಸುವುದು ಸರಿ. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್, ಡೀಸೆಲ್‌ಗೆ ಬರುವ ನಾಡದೋಣಿಯವರಿಗೆ 50,000 ರೂಪಾಯಿ ಸಹಾಯಧನ ಕೊಡುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತ್ತು. ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಹೊಸದು ತೆಗೆದುಕೊಂಡರೂ 10ರ ಒಳಗೇ ಇರಲಿ.

ಹಣ ಹೀಗೆ ಹಂಚಿ. ಮೊದಲು ಥ್ರಾಟಲ್, ಬಲ್ಬ್, ಪೇಂಟ್ ಗೆರೆ, ತಳ ಕೆರೆಯುವುದು, ಇವಕ್ಕೆ ಬೇಕಾದದ್ದು ಒಂದು ಭಾನುವಾರ. ಆಮೇಲೆ ಡಿಕಾರ್ಬನೈಸಿಂಗ್, ಪ್ಲಗ್, ಇಂಪೆಲ್ಲರ್, ಥರ್ಮೋಸ್ಟಾಟ್, ಕಾರ್ಬೊರೇಟರ್ ತೊಳೆದು ಅದರ ಕಿಟ್ ಹಾಕಿಸುವುದು. ಉಳಿದದ್ದನ್ನು ಟ್ಯಾಕೋಮೀಟರ್ ಹೇಳಿದ ಪಿಚ್‌ನ ಫ್ಯಾನಿಗೆ ಇಡಿ. ಗೊತ್ತಿರುವವರ ಹತ್ತಿರ ಬೇರೆ ಪಿಚ್‌ನ ಹಳೆಯ ಫ್ಯಾನ್ ಇದ್ದರೆ ಒಂದು ದಿನಕ್ಕೆ ಎರವಲು ತಂದು ಓಡಿಸಿ ನೋಡಿ, ಕೊಳ್ಳುವುದು ಆಮೇಲೆ. ಬದಲಾವಣೆ ಒಂದೊಂದೇ ಮಾಡಿ. ಎಲ್ಲವನ್ನೂ ಒಂದೇ ದಿನ ಮಾಡಿಸಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಡಿಕಾರ್ಬನೈಸಿಂಗ್ ಆದ ಮೇಲೂ ಕಂಪ್ರೆಷನ್ ಅಂತರ ಹಾಗೇ ಉಳಿದರೆ ಫ್ಯಾನಿಗೆ ಹಣ ಹಾಕಬೇಡಿ. ರಿಂಗು, ಬೋರ್ ಕೆಲಸಕ್ಕೆ 15,000 ಸಾಕಾಗದೆ ಹೋಗಬಹುದು. ಆ ಎಂಜಿನ್ನಿಗೆ ಅಷ್ಟು ಸುರಿಯಬೇಕೇ, ಅಥವಾ ಸಹಾಯಧನದ ದಾರಿ ನೋಡಬೇಕೇ ಅನ್ನುವುದು ಆಗಿನ ಪ್ರಶ್ನೆ. ಎರಡೂ ಸಿಲಿಂಡರಿನ ಸಂಖ್ಯೆ, ಭಾರ ಹೇರಿದಾಗಿನ ಸುತ್ತು, ಫ್ಯಾನ್ ಮೇಲಿನ ಎರಡು ಅಂಕಿ, ಎಂಜಿನ್ ಪ್ಲೇಟಿನ ಮಾದರಿ ಹೆಸರು, ಇಷ್ಟು ಬರೆದು ಕಳಿಸಿದರೆ ಮುಂದಿನದನ್ನು ಹೇಳುತ್ತೇನೆ.